ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

“ನನ್ನನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಇಟ್ಕೊಳ್ರಪ್ಪ” ಎಂದಳು ಅಮ್ಮ.

ದಸರಾ ರಜೆ. ಮೈಸೂರಿನ ನಮ್ಮ ಮನೆಗೆ ತಂಗಿಯ ಮಕ್ಕಳಿಬ್ಬರೂ ಬಂದಿದ್ದರು. ನಡುಮನೆಯ ಒಂದು ಗೋಡೆಯನ್ನು ಗೊಂಬೆಗಳಿಗೆ ಬಿಟ್ಟುಕೊಟ್ಟಿದ್ದರಿಂದ ಟೀವಿ ಮೂಲೆಗೆ ಸರಿದಿತ್ತು. ಅದರ ಮುಂದೆ ಚಾಪೆ ಹಾಸಿ, ಅಟ್ಟದಿಂದ ಇಳಿಸಿದ ಹಳೆಯ ನಿಂಟೆಂಡೊ 64 ಯಂತ್ರಕ್ಕೆ ನಾಲ್ಕು ಕಂಟ್ರೋಲರ್ ಸಿಕ್ಕಿಸಿದ್ದೆ. ಒಂದು ನನಗೆ, ಒಂದು ಹದಿನಾಲ್ಕು ವರ್ಷದ ಹುಡುಗನಿಗೆ, ಒಂದು ಎಂಟು ವರ್ಷದ ಪುಟ್ಟಿಗೆ. ನಾಲ್ಕನೆಯದನ್ನು ಪುಟ್ಟಿ ಒಯ್ದು ಅಜ್ಜಿಯ ಮಡಿಲಲ್ಲಿ ಇಟ್ಟಳು. ಅಮ್ಮನಿಗೆ ಈಗ ಎಪ್ಪತ್ತನಾಲ್ಕು.

ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಮಾತು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಬೀದಿಯಲ್ಲಿ ದೊಡ್ಡವರು ಲಗೋರಿಯನ್ನೋ ಮರಕೋತಿಯನ್ನೋ ಆಡುತ್ತಿರುತ್ತಾರೆ. ಚಿಕ್ಕದೊಂದು ಮಗು ನಾನೂ ಬರ್ತೀನಿ ಎಂದು ಅಳುತ್ತದೆ. ಓಡಿಸಲು ಮನಸ್ಸು ಬಾರದು, ಗುಂಪಿಗೆ ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಹುಟ್ಟಿದ ದಾರಿ ಇದು. ಆ ಮಗು ಎಲ್ಲರ ಜೊತೆ ಓಡುತ್ತದೆ, ಅವಿತುಕೊಳ್ಳುತ್ತದೆ, ಕೂಗುತ್ತದೆ. ಆದರೆ ಅದು ಔಟಾದರೆ ಔಟಲ್ಲ, ಗೆದ್ದರೆ ಗೆಲುವಲ್ಲ. ಅದರಲ್ಲಿ ಅಕ್ಕರೆ ಇದೆ, ಇಲ್ಲವೆನ್ನಲಾರೆ. ಆದರೆ ಮಗುವಿಗೆ ನಾಲ್ಕು ದಿನದಲ್ಲಿ ವಿಷಯ ತಿಳಿಯುತ್ತದೆ. ನಾನು ಒಂದು ಬೇಸಿಗೆ ಪೂರ್ತಿ ಹಾಗೆ ಆಡಿದ್ದೇನೆ. ಯಾರೂ ನನ್ನನ್ನು ಹಿಡಿಯಲು ಓಡಿ ಬರುತ್ತಿಲ್ಲ ಎಂದು ಗೊತ್ತಾದ ಸಂಜೆ ಇನ್ನೂ ನೆನಪಿದೆ. ಮುಪ್ಪಿನಲ್ಲಿ ಅದೇ ಜಾಗಕ್ಕೆ ತಾವಾಗಿಯೇ ಹೋಗಿ ಕೂರುವ ಹಿರಿಯರನ್ನು ಕಂಡಾಗಲೆಲ್ಲ ಆ ಸಂಜೆ ಎದುರಿಗೆ ಬಂದು ನಿಲ್ಲುತ್ತದೆ.

ನಾವು ಆಡಲು ಕೂತದ್ದು ಮಾರಿಯೊ ಕಾರ್ಟ್ 64. ಜಪಾನಿನಲ್ಲಿ 1996ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ ಅದರ ಮುಂದಿನ ಫೆಬ್ರವರಿಯಲ್ಲಿ ಬಂದ ಆಟ. ಟೀವಿಯ ಪರದೆ ನಾಲ್ಕು ಭಾಗವಾಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಕಾಲು. ಮೀಸೆಯ ಮಾರಿಯೊ, ಅವನ ತಮ್ಮ ಲುಯಿಜಿ, ರಾಜಕುಮಾರಿ ಪೀಚ್, ಅಣಬೆ ತಲೆಯ ಟೋಡ್, ಹಸಿರು ಯೋಶಿ, ಗೊರಿಲ್ಲಾ ಡಾಂಕಿ ಕಾಂಗ್, ವಾರಿಯೊ, ಕೊಂಬಿನ ಬೌಸರ್ ಎಂದು ಎಂಟು ಜನ ಸವಾರರು. ಪುಟ್ಟ ಗಾಡಿಗಳಲ್ಲಿ ಮೂರು ಸುತ್ತು ಓಟ, ಒಟ್ಟು ಹದಿನಾರು ದಾರಿಗಳು. ಅಮ್ಮನಿಗೆ ಎಂದು ಪುಟ್ಟಿಯೇ ದಾರಿ ಆರಿಸಿದಳು: ಮೂ ಮೂ ಫಾರ್ಮ್. ಇಕ್ಕೆಲದಲ್ಲೂ ಹಸುಗಳು ನಿಂತಿರುತ್ತವೆ. ದಾರಿ ನಡುವೆ ಹೆಗ್ಗಣದಂಥ ಪ್ರಾಣಿಗಳು ಬಿಲದಿಂದ ಚಿಮ್ಮುತ್ತವೆ. ಅಮ್ಮ ಮೊದಲ ಸುತ್ತು ಪೂರ್ತಿ ಹಸುಗಳ ನಡುವೆಯೇ ಓಡಾಡಿದಳು. ಮೋಡದ ಮೇಲೆ ಕೂತ ಆಮೆಯೊಂದು ಗಾಳದ ಕೋಲಿಗೆ ಫಲಕ ಕಟ್ಟಿಕೊಂಡು ಬಂದು, ನೀನು ಹಿಂದುಮುಂದಾಗಿ ಹೋಗುತ್ತಿದ್ದೀಯೆ ಎಂದು ತೋರಿಸುತ್ತದೆ. “ಈ ಮೋಡದಣ್ಣ ಒಳ್ಳೆಯವನು, ದಾರಿ ಹೇಳ್ತಾನೆ” ಎಂದಳು. ಅವನಿಗೆ ನಮ್ಮ ಮನೆಯಲ್ಲಿ ಅದೇ ಹೆಸರು ನಿಂತಿತು.

ಎರಡನೆಯ ಸುತ್ತಿನಲ್ಲಿ ಅಮ್ಮನ ಗಾಡಿ ಬಣ್ಣದ ಪೆಟ್ಟಿಗೆಯೊಂದನ್ನು ಹಾಯ್ದಿತು. ಮಿಂಚಿನ ಗುರುತು ಬಂತು. “ಅಜ್ಜಿ, ಒತ್ತು!” ಎಂದು ಪುಟ್ಟಿ ತಾನು ಎದುರಾಳಿ ಎಂಬುದನ್ನೂ ಮರೆತು ಕೂಗಿದಳು. ಅಮ್ಮ ಒತ್ತಿದಳು. ನಮ್ಮ ಮೂವರ ಗಾಡಿಗಳೂ ಬೆಂಕಿಪೊಟ್ಟಣದಷ್ಟು ಕುಗ್ಗಿ ತೆವಳತೊಡಗಿದವು. ಅಮ್ಮ ಪಕ್ಕದಲ್ಲೇ ಹಾದುಹೋದಳು. ಆ ಓಟದಲ್ಲಿ ಅವಳು ಗೆಲ್ಲಲಿಲ್ಲ, ಮೂರನೆಯವಳಾದಳು. ಆದರೆ ಸೋತವಳ ಮುಖ ಅದಾಗಿರಲಿಲ್ಲ. “ಇನ್ನೊಂದು ಸಲ” ಎಂದಳು. ಲೆಕ್ಕಕ್ಕಿಲ್ಲ ಎಂಬ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

ಇಲ್ಲಿ ಆ ಪೆಟ್ಟಿಗೆಯ ಗುಟ್ಟು ಹೇಳಬೇಕು. ಅದರಿಂದ ಏನು ಬರುತ್ತದೆ ಎಂಬುದು ಬರಿಯ ಅದೃಷ್ಟವಲ್ಲ. ನೀವು ಎಷ್ಟನೆಯವರು ಎಂಬುದನ್ನು ಆಟ ನೋಡುತ್ತದೆ. ಮುಂದೆ ಇರುವವನಿಗೆ ಹೆಚ್ಚಾಗಿ ಬಾಳೆಹಣ್ಣಿನ ಸಿಪ್ಪೆ, ನೇರ ಹೋಗುವ ಹಸಿರು ಚಿಪ್ಪು. ಹಿಂದೆ ಬಿದ್ದಷ್ಟೂ ಸಿಗುವುದು ದೊಡ್ಡದು: ಬೆನ್ನಟ್ಟಿ ಹೊಡೆಯುವ ಕೆಂಪು ಚಿಪ್ಪುಗಳು, ವೇಗ ಕೊಡುವ ಅಣಬೆಗಳು, ಯಾರೂ ಮುಟ್ಟಲಾರದಂತೆ ಮಾಡುವ ನಕ್ಷತ್ರ, ಎಲ್ಲರನ್ನೂ ಕುಗ್ಗಿಸುವ ಮಿಂಚು. ಈ 64ರಲ್ಲೇ ಮೊದಲ ಬಾರಿಗೆ ಬಂದದ್ದು ಮುಳ್ಳಿನ ನೀಲಿ ಚಿಪ್ಪು. ಹಿಂದಿನಿಂದ ಹೊರಟು ದಾರಿಯುದ್ದಕ್ಕೂ ಉರುಳಿ, ಎಲ್ಲರಿಗಿಂತ ಮುಂದಿರುವವನನ್ನೇ ಹುಡುಕಿ ಹೊಡೆಯುತ್ತದೆ. 2003ರ ಡಬಲ್ ಡ್ಯಾಷ್ ಎಂಬ ಆಟದಲ್ಲಿ ಅದಕ್ಕೆ ರೆಕ್ಕೆಯೂ ಬಂತು. ಜಗತ್ತಿನ ಎಷ್ಟೋ ಮನೆಗಳಲ್ಲಿ ಅಣ್ಣತಂಗಿಯರ ಜಗಳಕ್ಕೆ ಕಾರಣವಾದ ಚಿಪ್ಪು ಅದು.

ಹುಡುಗನಿಗೆ ಇದು ಒಪ್ಪಿಗೆಯಾಗಲಿಲ್ಲ. ಮೂರನೆಯ ದಿನ ವಾರಿಯೊ ಸ್ಟೇಡಿಯಂ ದಾರಿಯಲ್ಲಿ, ದೊಡ್ಡ ದಿಬ್ಬದಿಂದ ಗಾಡಿ ಹಾರುತ್ತಿರುವ ಹೊತ್ತಿಗೆ ಸರಿಯಾಗಿ ತಂಗಿ ಮಿಂಚು ಒತ್ತಿದಳು. ಅವನು ಕೆಳಗೆ ಬಿದ್ದ. ಆ ದಾರಿಯಲ್ಲಿ ಹಾಗೆ ಬಿದ್ದವರು ಬಹಳ ದೂರ ಸುತ್ತಿಕೊಂಡು ಮತ್ತೆ ದಿಬ್ಬಕ್ಕೆ ಬರಬೇಕು. ಕಂಟ್ರೋಲರ್ ಚಾಪೆಯ ಮೇಲಿಟ್ಟು, “ಮಾವ, ಇದು ಅನ್ಯಾಯ. ಚೆನ್ನಾಗಿ ಆಡಿದವನಿಗೆ ಶಿಕ್ಷೆ, ಆಡಲು ಬರದವರಿಗೆ ಬಹುಮಾನ” ಎಂದ. ಅವನ ಮಾತನ್ನು ಚಿಕ್ಕ ಹುಡುಗನ ಸಿಟ್ಟು ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಅವನು ಬೆಂಗಳೂರಿನಲ್ಲಿ ಆನ್‌ಲೈನ್ ಆಟಗಳನ್ನು ಶ್ರದ್ಧೆಯಿಂದ ಆಡುವವನು. ಒಂದು ತಿರುವನ್ನು ಸರಿಯಾಗಿ ತೆಗೆದುಕೊಳ್ಳಲು ಇಪ್ಪತ್ತು ಸಲ ಅದನ್ನೇ ಅಭ್ಯಾಸ ಮಾಡುತ್ತಾನೆ. ಅಂಥವನಿಗೆ ಶ್ರಮಕ್ಕೆ ತಕ್ಕ ಫಲ ಸಿಗಬೇಕು ಎಂಬುದು ನ್ಯಾಯವೇ.

ಉತ್ತರ ಕೊಟ್ಟವಳು ಅಮ್ಮ. “ಚೌಕಾಬಾರದಲ್ಲಿ ನಿನ್ನ ಕಾಯಿ ಇನ್ನೊಂದೇ ಮನೆ ಇದೆ ಹಣ್ಣಾಗೋದಕ್ಕೆ ಅನ್ನೋವಾಗ ನಾನು ಹೊಡೀಲಿಲ್ವಾ ನಿನ್ನೆ?”

ಹೊಡೆದಿದ್ದಳು. ಹಿಂದಿನ ಮಧ್ಯಾಹ್ನ ಅದೇ ಚಾಪೆಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ನಾಲ್ಕು ಕವಡೆ ಹಿಡಿದು ಕೂತಿದ್ದೆವು. ಕಟ್ಟೆಯ ಮನೆ ಬಿಟ್ಟು ಹೊರಗೆ ಸಿಕ್ಕ ಕಾಯಿ ಹೊಡೆತ ತಿಂದರೆ ಮೊದಲಿನಿಂದ ಸುತ್ತಬೇಕು. ನಾಲ್ಕು ದಿಕ್ಕಿಗೆ ನಾಲ್ವರು, ನಡುವೆ ಒಂದೇ ಪಟ. ಈ ಮಣ್ಣಿಗೆ ಇದು ಹೊಸದಲ್ಲ. ಹಂಪಿಯ ಕಲ್ಲುಹಾಸುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇವತ್ತೂ ನೋಡಬಹುದು. ನಮ್ಮೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯ ಆಟಗಳನ್ನು ತಾವೇ ಕಟ್ಟಿದವರು.

ಆದರೆ ಅಮ್ಮನ ಉತ್ತರ ಪೂರ್ತಿ ಅಲ್ಲ ಎಂದು ಆ ರಾತ್ರಿ ಅನ್ನಿಸಿತು. ಕವಡೆಗೆ ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಎಂಬುದು ತಿಳಿಯದು. ಗೆಲ್ಲುತ್ತಿರುವವನಿಗೇ ಮತ್ತೆ ಮತ್ತೆ ಎಂಟು ಬೀಳಬಹುದು, ಸೋಲುತ್ತಿರುವವಳಿಗೆ ಒಂದರ ಮೇಲೆ ಒಂದು. ಅಲ್ಲಿ ಅದೃಷ್ಟ ಕುರುಡು. ಇಲ್ಲಿ ಅದಕ್ಕೆ ಕಣ್ಣಿದೆ, ಹಿಂದೆ ಉಳಿದವರ ಕಡೆ ಅದು ಒಲಿಯುತ್ತದೆ. ಹಾಗೆಂದು ಗೆಲುವನ್ನು ಎತ್ತಿ ಕೊಡುವುದಿಲ್ಲ. ಮಿಂಚು ಕೈಗೆ ಬಂದರೂ ಯಾವಾಗ ಒತ್ತಬೇಕೆಂದು ತಿಳಿದಿರಬೇಕು. ನಕ್ಷತ್ರ ಸಿಕ್ಕರೂ ಗಾಡಿಯನ್ನು ದಾರಿಯ ಮೇಲೆ ಇಟ್ಟುಕೊಳ್ಳಬೇಕು. ಹಿಂದುಳಿದವರಿಗೆ ಅವಕಾಶ ಕೊಡುವುದು ಬೇರೆ, ಗೆಲುವು ಕೊಡುವುದು ಬೇರೆ. ಈ ಆಟ ಮೊದಲನೆಯದನ್ನು ಮಾಡುತ್ತದೆ.

ಆಟದ ಹುಟ್ಟನ್ನು ನೋಡಿದರೂ ಜೊತೆಗಿರುವವರನ್ನು ಸೇರಿಸಿಕೊಳ್ಳುವ ಈ ಗುಣವೇ ಕಾಣುತ್ತದೆ. ಕ್ಯೋಟೊ ನಗರದ ನಿಂಟೆಂಡೊ ಶುರುವಾದದ್ದು 1889ರಲ್ಲಿ, ಹನಾಫುಡಾ ಎಂಬ ಹೂಚಿತ್ರಗಳ ಇಸ್ಪೀಟು ತಯಾರಿಸಲು. ಚಾಪೆಯ ಸುತ್ತ ಕೂತು ಆಡುವವರಿಗಾಗಿ ಎಲೆ ಮಾಡಿದ ಮನೆತನ ಅದು. ಇವತ್ತಿಗೂ ಆ ಎಲೆಗಳನ್ನು ಮಾರುತ್ತದೆ. ನೂರು ವರ್ಷ ಕಳೆದ ಮೇಲೆ, 1990ರಲ್ಲಿ, ಎಫ್-ಜೀರೊ ಎಂಬ ವೇಗದ ಓಟದ ಆಟ ತಂದಿತು. ಬಹಳ ಹೆಸರು ಮಾಡಿತು, ಆದರೆ ಒಬ್ಬರೇ ಆಡಬೇಕು. ಅಲ್ಲಿನ ಆಟ ವಿನ್ಯಾಸಕ ಶಿಗೆರು ಮಿಯಾಮೊಟೊ ಅವರ ಬಳಗದಲ್ಲಿದ್ದ ತದಾಶಿ ಸುಗಿಯಾಮಾ ಮತ್ತು ಹಿದೆಕಿ ಕೊನ್ನೊ ಇಬ್ಬರು ಒಟ್ಟಿಗೆ ಓಡುವಂಥದ್ದು ಮಾಡಲು ಹೊರಟರು. ಪರದೆಯನ್ನು ಎರಡು ಪಾಲು ಮಾಡಿದರೆ ಆಗಿನ ನಿಂಟೆಂಡೊ ಯಂತ್ರಕ್ಕೆ ಉದ್ದನೆಯ ನೇರ ದಾರಿ, ಬಿರುಗಾಳಿಯ ವೇಗ ಎರಡನ್ನೂ ತೋರಿಸುವ ಶಕ್ತಿ ಇರಲಿಲ್ಲ. ಅದಕ್ಕೇ ಪುಟ್ಟ ಗಾಡಿ, ಸುತ್ತಿ ಸುತ್ತಿ ಬರುವ ಇಕ್ಕಟ್ಟಿನ ದಾರಿ. ಆಟದ ಡಬ್ಬಿಯೊಳಗೇ ಲೆಕ್ಕ ಮಾಡಲು ಇನ್ನೊಂದು ಚಿಪ್ ಕೂರಿಸಿದರು. ಮೊದಮೊದಲು ಗಾಡಿಯಲ್ಲಿದ್ದವನು ಹೆಸರಿಲ್ಲದ, ಕೆಲಸದ ಉಡುಪಿನ ಒಬ್ಬ ಮನುಷ್ಯ. ಮಾರಿಯೊನನ್ನು ಕೂರಿಸಿ ನೋಡಿದ್ದು ಆಮೇಲೆ. 1992ರ ಆಗಸ್ಟ್‌ನಲ್ಲಿ ಸೂಪರ್ ಮಾರಿಯೊ ಕಾರ್ಟ್ ಆಗಿ ಅದು ಹೊರಬಂತು. ಈ ಸಂಗತಿ ನನಗೆ ಬಹಳ ಇಷ್ಟ. ಜಗತ್ಪ್ರಸಿದ್ಧ ಮುಖ ಆಮೇಲೆ ಬಂತು. ಇಬ್ಬರು ಪಕ್ಕಪಕ್ಕ ಕೂರಬೇಕು ಎಂಬ ಆಸೆ ಮೊದಲು ಬಂತು.

ಮುಂದೆ 1996ರಲ್ಲಿ ಬಂದ ನಿಂಟೆಂಡೊ 64 ಯಂತ್ರದ ಮುಖದ ಮೇಲೆ ನಾಲ್ಕು ಕಂಟ್ರೋಲರ್ ಸಿಕ್ಕಿಸುವ ಕಿಂಡಿಗಳಿದ್ದವು. ಆಗಿನ ಎದುರಾಳಿ ಯಂತ್ರಗಳಿಗೆ ಎರಡೇ. ನಾಲ್ವರು ಆಡಬೇಕಾದರೆ ಬೇರೆ ಸಾಧನ ಕೊಳ್ಳಬೇಕಿತ್ತು.

ನನಗೆ ಈ ಆಟ ಸಿಕ್ಕಿದ್ದು 1999ರ ಚಳಿಗಾಲದಲ್ಲಿ, ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ. ಕಂಪ್ಯೂಟರುಗಳ ವೈಟುಕೆ ದೋಷ ಸರಿಪಡಿಸುವ ಕೆಲಸಕ್ಕೆಂದು ಹೋದವರು ನಾವು ನಾಲ್ವರು ಒಂದು ಮನೆಯಲ್ಲಿದ್ದೆವು. ಹಾಸನದವನೊಬ್ಬ, ಶಿವಮೊಗ್ಗದವನೊಬ್ಬ, ಧಾರವಾಡದವನೊಬ್ಬ, ನಾನು. ಹೊರಗೆ ಹಿಮ. ಶುಕ್ರವಾರ ರಾತ್ರಿ ಅನ್ನ, ಸಾರು ಮುಗಿಸಿ ಟೀವಿಯ ಮುಂದೆ ಕೂತರೆ ಏಳುತ್ತಿದ್ದದ್ದು ಬೆಳಗಿನ ಜಾವ. ಧಾರವಾಡದವನು ಅದಕ್ಕೆ ಮೊದಲು ಯಾವ ವಿಡಿಯೊ ಗೇಮನ್ನೂ ಮುಟ್ಟಿದವನಲ್ಲ. ಮಾತೂ ಕಡಿಮೆ. ಊರಿನ ನೆನಪು ಅವನನ್ನು ಹಿಂಡುತ್ತಿತ್ತು. ವಾರದ ದಿನಗಳಲ್ಲಿ ಕೆಲಸದಿಂದ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಮೊದಲ ಶುಕ್ರವಾರ ಹಾಸನದವನು ಸುಮ್ಮನೆ ನಾಲ್ಕನೆಯ ಕಂಟ್ರೋಲರ್ ತಂದು ಅವನ ಕೈಯಲ್ಲಿ ಇಟ್ಟ. ಅವನು ಕೊನೆಯವನಾದ, ಮತ್ತೆ ಕೊನೆಯವನಾದ. ಐದನೆಯ ಓಟದಲ್ಲೋ ಆರನೆಯದರಲ್ಲೋ ಕೆಂಪು ಚಿಪ್ಪು ಸಿಕ್ಕಿತು. ಗೆರೆ ದಾಟಲು ಇನ್ನೇನು ಎರಡು ಮಾರು ಇದ್ದ ಹಾಸನದವನನ್ನು ಹೊಡೆದು, “ಈಗ ನೋಡಲೇ ತಮ್ಮಾ!” ಎಂದು ಎದ್ದು ನಿಂತ. ಆ ಮನೆಯಲ್ಲಿ ಅವನು ಗಟ್ಟಿಯಾಗಿ ಮಾತಾಡಿದ್ದನ್ನು ನಾವು ಕೇಳಿದ್ದು ಅವತ್ತೇ ಮೊದಲು.

ನಾಲ್ವರು ಆಡುವಾಗ ಈ ಆಟದಲ್ಲಿ ಓಟದ ಸಂಗೀತ ಇರುವುದಿಲ್ಲ. ಒಬ್ಬರೇ ಆಡಿದರೆ ಸಂಗೀತ ಕೇಳುತ್ತದೆ, ಇಬ್ಬರು ಆಡಿದರೂ ಕೇಳುತ್ತದೆ. ಮೂರನೆಯವರು ಸೇರಿದೊಡನೆ ಗಾಡಿಗಳ ಗುರ್ ಸದ್ದು, ಚಿಪ್ಪು ತಾಗಿದ ಸದ್ದು ಅಷ್ಟೆ. ನಾವು ಅದನ್ನು ಗಮನಿಸಿದ್ದು ಎಷ್ಟೋ ತಿಂಗಳ ಮೇಲೆ. ಮನೆ ತುಂಬ ನಾಲ್ಕು ಜಿಲ್ಲೆಗಳ ಕನ್ನಡ ಕೂಗಾಡುತ್ತಿದ್ದಾಗ ಸಂಗೀತ ಇಲ್ಲ ಎಂಬುದು ಯಾರ ಕಿವಿಗೂ ಬಿದ್ದಿರಲಿಲ್ಲ.

ಬಲೂನು ಯುದ್ಧ ಎಂಬ ಇನ್ನೊಂದು ಬಗೆಯ ಆಟವೂ ಇದರಲ್ಲಿದೆ. ಪ್ರತಿಯೊಬ್ಬರ ಗಾಡಿಗೂ ಮೂರು ಬಲೂನು; ಮೂರೂ ಒಡೆದರೆ ಸೋತಂತೆ. ಬ್ಲಾಕ್ ಫೋರ್ಟ್ ಎಂಬ ಕೋಟೆಯಲ್ಲಿ ನಾಲ್ಕು ಬಣ್ಣದ ದಿಬ್ಬಗಳು, ಅವುಗಳ ನಡುವೆ ಸೇತುವೆಗಳು. ನಾವು ಅತಿ ಹೆಚ್ಚು ಆಡಿದ್ದು ಅಲ್ಲೇ. ನಾಲ್ವರ ಆಟದಲ್ಲಿ ಮೊದಲು ಸೋತವನು ಎದ್ದು ಹೋಗಬೇಕಾಗಿಲ್ಲ. ಅವನು ಗಾಲಿಯ ಮೇಲಿನ ಬಾಂಬಾಗಿ ಮತ್ತೆ ಕಣಕ್ಕೆ ಬರುತ್ತಾನೆ, ಉಳಿದವರಲ್ಲಿ ಒಬ್ಬರಿಗೆ ಹೋಗಿ ಡಿಕ್ಕಿ ಹೊಡೆಯಬಹುದು. ಗೆಲ್ಲುವಂತಿಲ್ಲ, ಆದರೆ ಯಾರು ಗೆಲ್ಲುತ್ತಾರೆ ಎಂಬುದರಲ್ಲಿ ಅವನ ಕೈ ಇರುತ್ತದೆ. ಸೋತವನು ಮೂಲೆಯಲ್ಲಿ ಕೂತು ಬೇಸರದಿಂದ ನೋಡುವ ಹೊತ್ತು ಎಷ್ಟು ಉದ್ದ ಎಂದು ಅರಿತ ಯಾರೋ ಆ ನಿಯಮ ಬರೆದಿರಬೇಕು.

2004ರಲ್ಲಿ ನಾನು ಮೈಸೂರಿಗೆ ವಾಪಸಾದಾಗ ಗೆಳೆಯರು ಯಂತ್ರವನ್ನು ನನ್ನ ಪೆಟ್ಟಿಗೆಗೆ ಹಾಕಿದರು. ಅದು 120 ವೋಲ್ಟಿನ ಅಮೆರಿಕದ ಯಂತ್ರ. ಇಲ್ಲಿ ಓಡಿಸಲು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಗುಂಯ್‌ಗುಡುವ ಸದ್ದು ಈಗ ನಮ್ಮ ಮನೆಯ ಆಟದ ಭಾಗ. ಈ ಆಟದ ಡಬ್ಬಿ ತನ್ನ ದಾಖಲೆಗಳನ್ನು ಬ್ಯಾಟರಿ ಇಲ್ಲದ ಚಿಪ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಎಡಿಸನ್‌ನ ರಾತ್ರಿಗಳಲ್ಲಿ ಧಾರವಾಡದವನು ಲುಯಿಜಿ ರೇಸ್‌ವೇಯಲ್ಲಿ ಓಡಿದ ಸಮಯ ಇನ್ನೂ ಹಾಗೇ ಇದೆ. ಒಂದು ವರ್ಷ ಪಟ್ಟು ಹಿಡಿದು ಕಲಿತು ಅವನು ನಮ್ಮೆಲ್ಲರಿಗಿಂತ ಮುಂದೆ ಹೋಗಿದ್ದ. ರಜೆ ಮುಗಿಯುವವರೆಗೂ ಹುಡುಗ ಬೆಳಗ್ಗೆ ಎದ್ದು ಆ ಸಮಯವನ್ನು ಮುರಿಯಲು ಕೂರುತ್ತಿದ್ದ. ಮುರಿಯಲಾಗಲಿಲ್ಲ. “ಇವರು ಯಾರು ಮಾವ? ಒಂದ್ಸಲ ಫೋನ್ ಮಾಡಿ ಕೊಡು” ಎಂದ. ಮಾಡಿಕೊಟ್ಟೆ. ಯಾವ ತಿರುವಿನಲ್ಲಿ ಗಾಡಿಯನ್ನು ಹೇಗೆ ಜಾರಿಸಬೇಕು ಎಂದು ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು.

ಈಗಿನ ಮಕ್ಕಳು ಆಡುವುದು 2017ರಲ್ಲಿ ಬಂದ ಮಾರಿಯೊ ಕಾರ್ಟ್ 8 ಡಿಲಕ್ಸ್. ಬೆಂಗಳೂರಿನ ತಂಗಿಯ ಮನೆಯಲ್ಲಿ ಅದಿದೆ. ಅದರಲ್ಲಿ ಗಾಡಿ ದಾರಿ ಬಿಟ್ಟು ಬೀಳದಂತೆ ಆಟವೇ ಚುಕ್ಕಾಣಿ ಹಿಡಿಯುವ ಒಂದು ಸೌಲಭ್ಯವಿದೆ. ನಾಲ್ಕೈದು ವರ್ಷದ ಮಗುವಿಗೆ ಒಳ್ಳೆಯದು. ಅಂಥ ಮಗು ಅಳದೆ ಓಟ ಮುಗಿಸುವುದನ್ನು ಕಂಡಿದ್ದೇನೆ. ಅಮ್ಮನಿಗೂ ಅದನ್ನು ಹಾಕಿಕೊಟ್ಟರು. ಎರಡು ತಿರುವು ಆಗುವಷ್ಟರಲ್ಲಿ ಅವಳಿಗೆ ಗೊತ್ತಾಯಿತು. “ಇದು ತಾನೇ ಹೋಗ್ತಾ ಇದೆ. ತೆಗೆದುಬಿಡು. ಬಿದ್ದರೆ ಮೋಡದಣ್ಣ ಎತ್ತುತ್ತಾನೆ” ಎಂದಳು. ಅವಳ ಆ ಮಾತು ಸರಿ. ಮಿಂಚು ಕೊಟ್ಟಾಗ ಅವಳು ಆಡುತ್ತಿದ್ದಳು. ಚುಕ್ಕಾಣಿ ಕಿತ್ತುಕೊಂಡಾಗ ಮತ್ತೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ವಯಸ್ಸಾದವರಿಗೆ ನೆರವಾಗುವ ಹೆಸರಿನಲ್ಲಿ ಮನೆಯ ಎಷ್ಟೋ ವಿಷಯಗಳಲ್ಲಿ ನಾವು ಮಾಡುವುದು ಈ ಎರಡನೆಯದನ್ನೇ. ಬ್ಯಾಂಕಿನ ಕಾಗದ, ಔಷಧದ ಡಬ್ಬಿ, ಮದುವೆಯ ಮಾತುಕತೆ ಎಲ್ಲದರಲ್ಲೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿಯನ್ನು ನಾವೇ ಓಡಿಸುತ್ತೇವೆ.

ಆನ್‌ಲೈನ್ ಆಟವನ್ನು ನಾನು ಹಳಿಯುವುದಿಲ್ಲ. ಕೊರೊನಾ ಕಾಲದಲ್ಲಿ ಎಡಿಸನ್ನಿನ ನಾಲ್ವರೂ ಆ ಹೊಸ ಆಟದಲ್ಲೇ ಮತ್ತೆ ಸೇರಿದ್ದೆವು, ಒಂಬತ್ತೂವರೆ ಗಂಟೆಯ ಅಂತರ ದಾಟಿ, ಕಿವಿಯಲ್ಲಿ ಫೋನ್ ಇಟ್ಟುಕೊಂಡು. ಆ ತಿಂಗಳುಗಳಲ್ಲಿ ಅದು ದೊಡ್ಡ ಆಸರೆ. ಆದರೆ ಅಲ್ಲಿ ಎಲ್ಲರಿಗೂ ಅವರವರ ಪರದೆ. ಪಕ್ಕದವನ ಪಾಲಿನ ಪರದೆಯನ್ನು ಕದ್ದು ನೋಡುವಂತಿಲ್ಲ, ತಿರುವಿನಲ್ಲಿ ಅವನ ಮೈ ವಾಲಿ ನಿಮ್ಮ ಭುಜಕ್ಕೆ ತಾಗುವುದಿಲ್ಲ. ಚಾಪೆಯ ಮೇಲೆ ಆಡುವಾಗ ಅಮ್ಮ ಎಡಕ್ಕೆ ತಿರುಗಬೇಕಾದಾಗಲೆಲ್ಲ ಕಂಟ್ರೋಲರ್ ಜೊತೆ ತಾನೂ ಎಡಕ್ಕೆ ವಾಲುತ್ತಿದ್ದಳು. ಅವಳ ಎಡಕ್ಕೆ ಕೂತಿದ್ದ ಪುಟ್ಟಿ ಅವಳನ್ನು ತಡೆದು ನೆಟ್ಟಗೆ ಮಾಡಿ ತನ್ನ ಓಟ ಮುಂದುವರಿಸುತ್ತಿದ್ದಳು.

ಹತ್ತು ದಿನದ ಲೆಕ್ಕವನ್ನು ಹುಡುಗ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ಬರೆದಿಟ್ಟ. ಅರವತ್ತು ಓಟ. ಅವನಿಗೆ 31 ಗೆಲುವು, ನನಗೆ 14, ಪುಟ್ಟಿಗೆ 8, ಅಮ್ಮನಿಗೆ 7. ಶ್ರಮಕ್ಕೆ ಫಲ ಸಿಕ್ಕೇ ಸಿಕ್ಕಿತು ಎಂದು ಅವನಿಗೆ ಆ ಅಂಕಗಳನ್ನೇ ತೋರಿಸಿದೆ. ಕೊನೆಯ ದಿನ, ಏಳನೆಯ ಗೆಲುವಿನಲ್ಲಿ, ಅಮ್ಮ ಗೆರೆ ದಾಟುವ ಮುನ್ನ ಅವನ ಗಾಡಿಯನ್ನು ಹಿಂದಿಕ್ಕಿದ್ದಳು. ಅನ್ಯಾಯ ಎನ್ನಲಿಲ್ಲ ಅವನು. ಹಾಳೆ ಎಳೆದುಕೊಂಡು ಅಜ್ಜಿಯ ಹೆಸರಿನ ಕೆಳಗೆ ತಾನೇ ಗೀಟು ಹಾಕಿದ.

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯದೊಂದು ಯಂತ್ರ ಇದ್ದೀತು. ಇಲ್ಲದಿದ್ದರೆ ನಾಲ್ಕು ಕವಡೆ, ಒಂದು ಸೀಮೆಸುಣ್ಣವಾದರೂ ಇರುತ್ತದೆ. ಈ ಭಾನುವಾರ ಅದನ್ನು ಕೆಳಗಿಳಿಸಿ, ನಾಲ್ಕನೆಯ ಜಾಗಕ್ಕೆ ಮನೆಯ ಹಿರಿಯರನ್ನು ಕರೆಯಿರಿ. ಅವರು ಲೆಕ್ಕಕ್ಕಿಲ್ಲ ಎಂದಾರು. ಒಪ್ಪಬೇಡಿ, ಅಂಕದ ಹಾಳೆಯಲ್ಲಿ ಅವರ ಹೆಸರನ್ನೇ ಮೊದಲು ಬರೆಯಿರಿ.